ಬೇಸಿಗೆಯ ಸರದಿ

ಭಾನುವಾರ, ಜೂನ್ ಎಂಟು
ಮನೆಯಿಂದ

ಪ್ರೀತಿಯ ಪುಟ್ಟಿ,

ಅಮ್ಮನ ಆಶೀರ್ವಾದ. ಕ್ಷೇಮವೇ ಎಂದು ಕೇಳುವ ಹಕ್ಕು ನನಗಿದೆಯೋ ಇಲ್ಲವೋ ನೀನೇ ಹೇಳಬೇಕು, ಅದಕ್ಕೇ ಕೇಳುವುದಿಲ್ಲ. ನನಗೆ ಬರುವ ರೀತಿಯಲ್ಲೇ ಶುರು ಮಾಡುತ್ತೇನೆ, ಪಟ್ಟಿಯಿಂದ.

ನಮ್ಮ ಲಾಂಡ್ರಿ ಕಂಪನಿ ಕೊಡುತ್ತೇನೆ ಎಂದದ್ದು: ಇಸ್ತ್ರಿ ಮಾಡುವ ಹಾಲ್‌ನ ಹಬೆಯನ್ನು ಹೊರಗೆಳೆಯುವ ಎರಡು ಫ್ಯಾನು. ಏಳು ತಿಂಗಳಾದ ಬಸುರಿಗೆ ಕೂತು ಮಾಡುವ ಕೆಲಸ. ಹೆರಿಗೆಗೆ ಮುಂಚೆ ಒಂದು ತಿಂಗಳು ರಜೆ. ನಿಂತ ಜಾಗದ ಹತ್ತಿರವೇ ಕುಡಿಯುವ ನೀರು.

ಕೊಟ್ಟದ್ದು: ಒಂದು ಫ್ಯಾನು, ಅದೂ ಮ್ಯಾನೇಜರ್ ಕೋಣೆಯ ಕಿಟಕಿಗೆ. ಒಂದು ಸ್ಟೂಲು, ಅದರ ಮೇಲೆ ಕೂತರೆ ಷೀಟು ಇಸ್ತ್ರಿ ಮಾಡುವ ರೋಲರಿಗೆ ಕೈ ಎಟುಕುವುದಿಲ್ಲ. ರಜೆ ಹೆತ್ತ ಮೇಲೆ ಮಾತ್ರ. ನೀರು ಕೆಳಗಿನ ಮಹಡಿಯಲ್ಲಿ, ಮೂರನೇ ಸಲ ಇಳಿದರೆ ಮೇಸ್ತ್ರಿ ಗಡಿಯಾರ ನೋಡುತ್ತಾನೆ.

ನಿನ್ನ ಅಮ್ಮ ಕೊಡುತ್ತೇನೆ ಎಂದದ್ದು: ಹೆರಿಗೆಯ ಹೊತ್ತಿಗೆ ನಿನ್ನ ಪಕ್ಕದಲ್ಲಿರುತ್ತೇನೆ ಎಂಬ ಮಾತು.

ಇರಲಿಲ್ಲ.

ಇದು ನಾನು ಬರೆಯುತ್ತಿರುವ ಐದನೇ ಕಾಗದ. ಮೊದಲ ನಾಲ್ಕರಲ್ಲೂ ಕಂಪನಿಯನ್ನು ಬೈದಿದ್ದೆ. ನೀನು ಉತ್ತರ ಬರೆಯಲಿಲ್ಲ, ಸರಿಯಾಗೇ ಮಾಡಿದೆ. ಕಂಪನಿಯನ್ನು ಬೈಯಲು ನಿನಗೆ ನನ್ನ ಸಹಾಯ ಬೇಕಿಲ್ಲ. ರೋಲರಿನ ಮುಂದೆ ನಿಂತು ನೀನು ಬಳಸುತ್ತಿದ್ದ ಮಾತುಗಳನ್ನು ನನಗೆ ಸಂಘದ ಕರಪತ್ರದಲ್ಲಿ ಹಾಕಲು ಆಗುತ್ತಿರಲಿಲ್ಲ, ಅಷ್ಟೇ.

ಮನೆ ಖಾಲಿ. ಅಳಿಯಂದಿರು ಅವರಕ್ಕನ ಮನೆಗೆ ಹೋಗಿದ್ದಾರೆ, ಆಸ್ಪತ್ರೆಗೆ ಹತ್ತಿರವಂತೆ. ಹತ್ತಿರವಲ್ಲ, ಎರಡು ಬಸ್ಸು ಬದಲಾಯಿಸಬೇಕು. ಅಡುಗೆ ಇನ್ನೂ ಮೂವರ ಅಳತೆಗೇ ಆಗುತ್ತದೆ. ಉಳಿದದ್ದನ್ನು ಮಾರನೇ ದಿನ ಒಲೆಯ ಪಕ್ಕ ನಿಂತುಕೊಂಡೇ ತಿನ್ನುತ್ತೇನೆ. ನೂರಿಪ್ಪತ್ತು ಹೆಂಗಸರ ಮುಂದೆ ಮೈಕಿಲ್ಲದೆ ಕೂಗುವ ಗಂಟಲು ಇದು, ಬೀಗ ತೆಗೆದು ಒಳಗೆ ಬಂದರೆ ಕೆಮ್ಮಲೂ ಹಿಂಜರಿಯುತ್ತದೆ. ಮೊನ್ನೆ ಪಕ್ಕದ ಮನೆಯವರು, ನೀವು ಊರಲ್ಲಿರಲಿಲ್ಲವೇ ಎಂದು ಕೇಳಿದರು. ಇಲ್ಲೇ ಇದ್ದೇನೆ ಎಂದೆ. ಅಷ್ಟೇ ಆ ದಿನ ನಾನು ಮನೆಯಲ್ಲಿ ಆಡಿದ ಮಾತು.

ಕೆಲಸದ ಹಾಲ್‌ನಲ್ಲೂ ಊಟದ ಬೆಂಚಿನ ಮೇಲೆ ನನ್ನ ಎರಡೂ ಪಕ್ಕ ಖಾಲಿ. ಯಾರೂ ಮುನಿಸಿಕೊಂಡಿಲ್ಲ. ಏನು ಕೇಳಬೇಕೋ ತೋಚದೆ ದೂರ ಕೂರುತ್ತಾರೆ. ಬಟ್ಟೆ ಮಡಿಸುವ ಮೇಜಿನವಳು, ನಾವೆಲ್ಲ ಪಟಾಕಿ ಎಂದು ಕರೆಯುವವಳು, ಒಬ್ಬಳೇ ಬಂದು, ಅಕ್ಕಾ, ಮೊಮ್ಮಗಳು ಹೆಂಗಿದಾಳೆ ಅಂದಳು. ಬೆಳೀತಿದಾಳೆ ಅಂದೆ. ನನಗೇನು ಗೊತ್ತು? ನಾನು ನೋಡಿದ್ದು ಒಂದೇ ಸಲ, ಗಾಜಿನ ಪೆಟ್ಟಿಗೆಯಲ್ಲಿ. ಒಂದು ಕೇಜಿ ಮುನ್ನೂರೈವತ್ತು ಗ್ರಾಂ ಎಂದು ಚೀಟಿ ಅಂಟಿಸಿದ್ದರು. ನಾವು ದಿನಕ್ಕೆ ನಾನೂರು ಸಲ ಎತ್ತಿ ಹಾಕುವ ಒದ್ದೆ ಷೀಟು ಅದಕ್ಕಿಂತ ಭಾರ. ಮಾರನೇ ದಿನ ಮತ್ತೆ ಬಂದಾಗ, ಮಗುವಿನ ತಾಯಿ ಬೇಡ ಅಂದಿದಾರೆ ಎಂದು ನರ್ಸ್ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದಳು.

ಮೇ ಆರರಂದು ಏನಾಯಿತೆಂದು ನಿನಗೆ ಗೊತ್ತು. ನಾನು ಎಲ್ಲಿದ್ದೆ ಎನ್ನುವುದನ್ನು ಮಾತ್ರ ನನ್ನ ಬಾಯಿಂದ ಕೇಳಿಲ್ಲ. ನಿನಗೆ ಮೂವತ್ತೊಂದನೇ ವಾರ. ರೋಲರಿನ ಮುಂದೆ ನೀರಿನ ಚೀಲ ಒಡೆದಾಗ ನಾನು ಮ್ಯಾನೇಜರ್ ಕೋಣೆಯಲ್ಲಿ ಎರಡನೇ ಫ್ಯಾನಿಗಾಗಿ ಜಗಳವಾಡುತ್ತಿದ್ದೆ. ಪಟಾಕಿ ಬಾಗಿಲು ಬಡಿದು ಹೇಳಿದಳು. ನೀವು ಗಾಡಿ ಕರೆಸಿ, ನಾನು ಮಾತು ಮುಗಿಸಿ ಬರ್ತೀನಿ ಅಂದೆ. ಅವನು ಸಹಿ ಹಾಕುವವನಿದ್ದ, ಪೆನ್ನು ಕೈಯಲ್ಲಿತ್ತು, ಎದ್ದರೆ ಕೆಡುತ್ತದೆ ಅನ್ನಿಸಿತು. ನಾನು ಆಸ್ಪತ್ರೆಗೆ ಬಂದಾಗ ಮಗು ಹುಟ್ಟಿ ಒಂದು ಗಂಟೆಯಾಗಿತ್ತು. ಅವನು ಸಹಿಯನ್ನೂ ಹಾಕಿರಲಿಲ್ಲ.

ಈಗ ನನ್ನ ಸರದಿ ಪುಸ್ತಕದ ಮಾತು. ನೀನು ಕೆಲಸಕ್ಕೆ ಬಂದು ಮೂರೇ ವರ್ಷ. ಅದು ಹೇಗೆ ಹುಟ್ಟಿತೆಂದು ನಿನಗೆ ಪೂರ್ತಿ ತಿಳಿಯದು. ಆರು ವರ್ಷದ ಹಿಂದೆ ಚಳಿಗಾಲದಲ್ಲಿ, ಹೋಟೆಲುಗಳು ತುಂಬಿ ಬಟ್ಟೆ ರಾಶಿ ಬೀಳುವ ಕಾಲದಲ್ಲಿ, ಮೂವರು ಒಟ್ಟಿಗೆ ಬಾಣಂತಿಯರಾದರು. ಕಂಪನಿ ಮೂವರನ್ನೂ ತೆಗೆದುಹಾಕಿತು. ನಾವು ಹನ್ನೊಂದು ದಿನ ಗೇಟಿನ ಮುಂದೆ ಕೂತೆವು. ವಾಪಸ್ ತಗೊಂಡರು. ಆಮೇಲೆ ಮ್ಯಾನೇಜರ್ ನನ್ನೊಬ್ಬಳನ್ನೇ ಕರೆದು ಹೇಳಿದ: ಅಕ್ಕಾ, ಹೆರಬೇಡಿ ಅನ್ನೋಕೆ ನಾನ್ಯಾರು? ವರ್ಷಕ್ಕೆ ನಾಲ್ಕು ಜನ ಹೆರಲಿ, ಯಾರ ಕೆಲಸವೂ ಹೋಗಲ್ಲ. ಆದರೆ ಮೂರು ಹೆರಿಗೆ ಬೇಸಿಗೆ ಕಳೆಯೋ ಹೊತ್ತಿಗೆ ಆಗಲಿ, ಒಂದು ಮಾತ್ರ ಚಳಿಗಾಲದಲ್ಲಿ. ಇದು ನಮ್ಮ ನಮ್ಮಲ್ಲೇ ಇರಲಿ.

ನಾನು ಅದನ್ನು ಗೆಲುವು ಅಂದುಕೊಂಡೆ. ನೂರಿಪ್ಪತ್ತು ಜನರ ಕೆಲಸ ಉಳಿಯಿತು ಎಂದು ಭಾಷಣ ಮಾಡಿದೆ. ಕೆಂಪು ಅಂಚಿನ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬಸುರಿನ ಸರದಿ ಬರೆದೆ. ಬೇಸಿಗೆಯ ಸರದಿಗೆ ಅಕ್ಟೋಬರಿನಲ್ಲಿ ಬಸುರಾಗುವ ಮೂವರು, ಚಳಿಗಾಲದ ಸರದಿಗೆ ಮಾರ್ಚಿನಲ್ಲಿ ಬಸುರಾಗುವ ಒಬ್ಬಳು. ಯಾರಿಗೆ ಯಾವುದು ಎಂಬುದಕ್ಕೆ ಡಬ್ಬದಲ್ಲಿ ಚೀಟಿ. ಗಂಡ ಹೆಂಡತಿ ಮಲಗುವುದಕ್ಕೂ ನಿಮ್ಮಮ್ಮ ಹಾಜರಿ ಹಾಕುತ್ತಾಳೆ ಎಂದು ನಿನ್ನ ಗೆಳತಿಯರು ನಗುತ್ತಿದ್ದರಲ್ಲ, ನಾನೂ ನಗುತ್ತಿದ್ದೆ. ಸರದಿ ತಪ್ಪಿ ಬಸುರಾದ ಒಬ್ಬಳನ್ನು ಹಾಲ್‌ನ ನಡುವೆ ನಿಲ್ಲಿಸಿ, ಎಲ್ಲರ ಮುಂದೆ ಕ್ಷಮೆ ಕೇಳಿಸಿದೆ. ಹೊಟ್ಟೆಯಲ್ಲಿರುವ ಕೂಸಿನ ಪರವಾಗಿ ಕ್ಷಮೆ. ಮ್ಯಾನೇಜರ್ ಅಲ್ಲ, ನಾನು. ಮಾಲೀಕನ ಚಾಟಿಯನ್ನು ನಮ್ಮ ಕೈಯಿಂದಲೇ ನೇಯ್ದು, ನಮ್ಮ ಬೆನ್ನಿಗೇ ಬೀಸಿ, ಸಂಘಟನೆ ಎಂದು ಹೆಸರಿಟ್ಟೆ.

ಮಗು ಬಂದ ಮೇಲೆ ಪ್ರಸೂತಿ ವಾರ್ಡಿನ ದೊಡ್ಡ ನರ್ಸನ್ನು ಅವರ ಮನೆಯಲ್ಲೇ ಹೋಗಿ ಕಂಡೆ. ಅಕ್ಟೋಬರಿನಲ್ಲಿ ಬಸಿರು ನಿಂತರೆ ಏಳು, ಎಂಟನೇ ತಿಂಗಳು ಸುಡುಬಿಸಿಲಿಗೆ ಬರುತ್ತದೆ ಎಂದು ಅವರು ಬೆರಳು ಮಡಿಸಿ ಎಣಿಸಿ ತೋರಿಸಿದರು. ಸೆಕೆಯಲ್ಲಿ ಮೈನೀರು ಆರಿದರೆ ನೋವು ಬೇಗ ಕಾಣಿಸಿಕೊಳ್ಳಬಹುದಂತೆ. ಬೇಸಿಗೆ ಬಂತೆಂದರೆ ದಿನ ತುಂಬದ ಮಕ್ಕಳ ವಾರ್ಡಿಗೆ ಎರಡು ಪೆಟ್ಟಿಗೆ ಹೆಚ್ಚಿಗೆ ತರಿಸಿಡುತ್ತಾರಂತೆ. ಹಾಗಂತ ಇಂಥ ಮಗು ಇದರಿಂದಲೇ ಬೇಗ ಬಂತು ಅಂತ ನಾನು ಬರೆದುಕೊಡೋಕಾಗಲ್ಲಮ್ಮ, ಬೇರೆ ಕಾರಣಾನೂ ಸಾವಿರ ಇರುತ್ತೆ ಅಂದರು. ನ್ಯಾಯವಾದ ಮಾತು. ಮನೆಗೆ ಬಂದು ಆರು ವರ್ಷದ ಸರದಿಯನ್ನು ಬಿಚ್ಚಿ ಕೂತೆ. ನಿನ್ನನ್ನು ಬಿಟ್ಟು ಬೇಸಿಗೆಯ ಸರದಿಯವರು ಹದಿನೇಳು. ಅವರಲ್ಲಿ ಏಳು ಮಕ್ಕಳು ದಿನ ತುಂಬದೆ ಬಂದವು, ಎರಡು ಉಳಿಯಲಿಲ್ಲ. ಚಳಿಗಾಲದ ಸರದಿಯವರು ಆರು, ಬೇಗ ಬಂದದ್ದು ಒಂದೇ. ಇಷ್ಟು ಕಡಿಮೆ ಜನರ ಲೆಕ್ಕ ಸಾಕ್ಷಿಯಾಗದು ಅನ್ನುತ್ತಾರೆ ಓದಿದವರು. ನನಗೆ ಆ ಏಳು ತಾಯಂದಿರ ಮುಖ ಗೊತ್ತು. ಒಬ್ಬೊಬ್ಬಳಿಗೂ, ಪಾಪ, ನಿನ್ನ ಹಣೆಬರಹ ಎಂದು ಹೇಳಿ ಸಮಾಧಾನ ಮಾಡಿದವಳು ನಾನೇ. ಹಣೆಯ ಮೇಲೆ ಅಲ್ಲ, ನನ್ನ ನೋಟ್‌ಬುಕ್ಕಿನಲ್ಲಿ ಬರೆದಿತ್ತು.

ಇಷ್ಟರವರೆಗಿನದು ನಿನಗೆ ಅರ್ಧ ಗೊತ್ತಿತ್ತು. ಇನ್ನು ಹೇಳುವುದು ಯಾರಿಗೂ ಗೊತ್ತಿಲ್ಲ.

ನಿನ್ನ ಸರದಿಯ ವರ್ಷ ಚೀಟಿ ಎತ್ತುವ ಹಿಂದಿನ ದಿನ ಕೈತೊಳೆಯುವ ಜಾಗದಲ್ಲಿ ಪಟಾಕಿ ಯಾರಿಗೋ ಹೇಳುತ್ತಿದ್ದಳು: ನೋಡ್ತಾ ಇರು, ಲೀಡರ್ ಮಗಳಿಗೆ ತಂಪು, ನಮಗೆಲ್ಲ ಕೆಂಡ. ನಾನು ಗೋಡೆಯ ಈಚೆ ಇದ್ದೆ. ಆ ಮಾತು ನನಗೆ ಚುಚ್ಚಿತು ಪುಟ್ಟಿ. ಮೂವತ್ತು ವರ್ಷದಲ್ಲಿ ಯಾರೂ ನನ್ನ ಕೈ ಕೊಳೆ ಎಂದಿರಲಿಲ್ಲ. ಮಾರನೇ ದಿನ ಡಬ್ಬಕ್ಕೆ ಮೂರೇ ಚೀಟಿ ಹಾಕಿದೆ, ಮೂರೂ ಬೇಸಿಗೆಯವು. ಚಳಿಗಾಲದ ಚೀಟಿ ನನ್ನ ಅಂಗೈಯಲ್ಲಿತ್ತು. ಮೊದಲು ನಿನ್ನನ್ನು ಕರೆದೆ. ನೀನು ಕಣ್ಣು ಮುಚ್ಚಿ ಕೈ ಹಾಕಿದೆ, ಅಕ್ಟೋಬರು ಎತ್ತಿದೆ, ನಕ್ಕೆ. ಡಬ್ಬ ಅಲ್ಲಾಡಿಸುವ ನೆಪದಲ್ಲಿ ನಾನು ನಾಲ್ಕನೆಯದನ್ನು ಒಳಗೆ ಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಟಾಕಿ ಬಂದು ನನ್ನ ಕೈ ಹಿಡಿದುಕೊಂಡು, ಅಕ್ಕ ಅಂದ್ರೆ ಅಕ್ಕ ಅಂದಳು. ಅವತ್ತು ನಾನು ಬಹಳ ಎತ್ತರಕ್ಕಿದ್ದೆ. ಆ ಎತ್ತರಕ್ಕೆ ಏಣಿ ಹಾಕಿದ್ದು ನಿನ್ನ ಹೊಟ್ಟೆಯ ಮೇಲೆ.

ನಾಲ್ಕರಲ್ಲಿ ಒಂದು ಪಾಲು ನಿನಗೂ ಇತ್ತು. ಅದನ್ನು ಕಸಿದುಕೊಂಡೆ. ನ್ಯಾಯಕ್ಕಾಗಿ ಅಲ್ಲ, ನನ್ನ ಹೆಸರಿಗಾಗಿ.

ಬುಧವಾರ ಕಂಪನಿಯ ಜೊತೆ ಮಾತುಕತೆಯಿದೆ. ಪುಸ್ತಕ ರದ್ದಾಗಬೇಕು, ಯಾವಾಗ ಬಸುರಾಗಬೇಕೆಂದು ಯಾರೂ ಹೇಳಬಾರದು. ಬೇಸಿಗೆಯಲ್ಲಿ ಏಳನೇ ತಿಂಗಳಿಂದಲೇ ಪೂರ್ತಿ ಸಂಬಳದ ರಜೆ ಬೇಕು. ಇವು ನಮ್ಮ ಬೇಡಿಕೆ. ಶುಕ್ರವಾರ ಅವರ ಉತ್ತರ ಬಂತು: ಇಂಥ ನಿಯಮ ನಮ್ಮಲ್ಲಿ ಎಂದೂ ಇಲ್ಲ, ಅಂಥ ಪುಸ್ತಕವಿದ್ದರೆ ಅದು ಕಾರ್ಮಿಕರದ್ದೇ ಕೈಬರಹ. ಸುಳ್ಳಿನ ಹೊಟ್ಟೆಯಲ್ಲಿ ನಿಜ ಇಟ್ಟು ಕಳಿಸಿದ್ದಾರೆ. ಕೈಬರಹ ನನ್ನದೇ, ಅದನ್ನು ಒಪ್ಪಿಕೊಳ್ಳುತ್ತೇನೆ. ಬರೆಸಿದ್ದು ಯಾರು, ಎಲ್ಲಿ ಕೂರಿಸಿ ಎಂಬುದನ್ನೂ ಹೇಳುತ್ತೇನೆ.

ಚೀಟಿಯ ವಿಷಯ ಮಾತ್ರ ಈಗ ಹೊರಬಿದ್ದರೆ ಹೆಂಗಸರು ನನ್ನ ಹಿಂದೆ ನಿಲ್ಲುವುದಿಲ್ಲ. ಹಿಂದಿನ ಎಲ್ಲ ಚೀಟಿಗಳ ಮೇಲೂ ಅನುಮಾನ ಬರುತ್ತದೆ. ಕಂಪನಿ ಅದನ್ನೇ ಹಿಡಿದು ನಮ್ಮನ್ನು ಒಡೆಯುತ್ತದೆ. ಅದಕ್ಕೆ ನಿನ್ನಲ್ಲಿ ಒಂದು ಬೇಡಿಕೆ. ಬುಧವಾರ ಮುಗಿಯುವವರೆಗೆ ಯಾರಿಗೂ ಹೇಳಬೇಡ, ಪಟಾಕಿಗಂತೂ ಬೇಡವೇ ಬೇಡ. ಇದು ನಮ್ಮ ನಮ್ಮಲ್ಲೇ ಇರಲಿ.

ನೀರು ಹೆಚ್ಚು ಕುಡಿ. ಮಗುವನ್ನು ಎದೆಗೆ ಹಾಕಿಕೊಳ್ಳಲು ಬಿಟ್ಟರೆಂದು ಅಳಿಯಂದಿರಿಂದ ತಿಳಿಯಿತು. ಬೇರೆ ಯಾರೂ ಹೇಳಲಿಲ್ಲ.

ಇಂತಿ ನಿನ್ನ
ಅಮ್ಮ

ವಿ.ಸೂ.: ಸೋಮವಾರ, ಬೆಳಗ್ಗೆ. ಆಸ್ಪತ್ರೆಗೆ ಬಟ್ಟೆ ಒಯ್ಯುವ ವ್ಯಾನಿನ ಡ್ರೈವರಣ್ಣನ ಕೈಗೆ ಕೊಡುವ ಮುಂಚೆ ಕಾಗದವನ್ನು ಮತ್ತೊಮ್ಮೆ ಓದಿದೆ. ಕೊನೆಯಲ್ಲಿ ನಿನಗೆ ಬರೆದದ್ದು ಮ್ಯಾನೇಜರ್ ಆರು ವರ್ಷದ ಹಿಂದೆ ನನಗೆ ಹೇಳಿದ ಮಾತು, ಒಂದಕ್ಷರ ಆಚೀಚೆ ಇಲ್ಲ. ಹೊಡೆದುಹಾಕಿದರೆ ನೀನು ನೋಡುವುದಿಲ್ಲ, ಅದಕ್ಕೆ ಹಾಗೇ ಬಿಟ್ಟಿದ್ದೇನೆ. ಆ ಬೇಡಿಕೆಯನ್ನು ವಾಪಸ್ ತಗೊಂಡಿದ್ದೇನೆ, ಯಾರಿಗೆ ಬೇಕಾದರೂ ಹೇಳು. ನಿನಗಿಂತ ಮುಂಚೆ ನಾನೇ ಹೇಳಿರುತ್ತೇನೆ. ಇವತ್ತು ಶಿಫ್ಟ್ ಬದಲಾಗುವಾಗ ಎಲ್ಲರನ್ನೂ ಒಣಗಿಸುವ ಕೋಣೆಯ ಮುಂದೆ ನಿಲ್ಲಲು ಹೇಳಿದ್ದೇನೆ. ಯಾತಕ್ಕೆ ಎಂದು ಪಟಾಕಿ ಕೇಳಿದಳು. ಚೀಟಿ ಎತ್ತಿದ ದಿನ ನೀನು ಕೊಟ್ಟ ಕೈ ವಾಪಸ್ ಕೊಡೋಕೆ ಅಂದೆ, ಅವಳಿಗೆ ಅರ್ಥವಾಗಲಿಲ್ಲ. ಸಂಘದಿಂದ ತೆಗೆದರೆ ತೆಗೆಯಲಿ. ಮಾತುಕತೆಗೆ ಹೆಂಗಸರು ಯಾರನ್ನು ಆರಿಸುತ್ತಾರೋ ಅವರು ಒಳಗೆ ಹೋಗುತ್ತಾರೆ, ಕರೆದರೆ ನಾನು ಸಾಕ್ಷಿಗೆ ಹೋಗುತ್ತೇನೆ, ಕರೆಯದಿದ್ದರೆ ಗೇಟಿನ ಹೊರಗೆ ನಿಂತಿರುತ್ತೇನೆ. ಆ ಏಳು ಜನರ ಪರವಾಗಿ ಮಾತಾಡಲು ಒಬ್ಬ ತಾಯಿ ಬೇಕು ಎಂದು ಅವರು ನಿನ್ನನ್ನು ಕೇಳಬಹುದು. ಬರಬೇಕೆಂದಿಲ್ಲ. ಬಂದರೆ ನನ್ನ ಜೊತೆ ಮಾತಾಡಬೇಕೆಂದೂ ಇಲ್ಲ. ಬುಧವಾರ, ಜೂನ್ ಹನ್ನೊಂದು, ಬೆಳಗ್ಗೆ ಹತ್ತು ಗಂಟೆ.