ಸಿಂಬಿ ಮ್ಯಾಲಿನ ಗೋಣು

ಬೆಟಗೇರಿ
೪ ಮೇ ೨೦೨೫, ರಾತ್ರಿ ಒಂದೂವರಿ

ನನ್ನ ದುರ್ಗಾಗ,

ಹೆಂಗದಿ? ಹೊಟ್ಟಿಯಾಗಿನ ಕೂಸು ಮಲಗಾಕ ಬಿಡತೈತೋ ಇಲ್ಲೋ? ಮುಂಡರಗಿಯೊಳಗ ನಿಮ್ಮವ್ವನ ಕೈ ರೊಟ್ಟಿ ಉಂಡು ಚೊಲೊ ಇರು. ನಾಕ ದಿನದಿಂದ 'ಗೌಡ್ತಿ ವಿಡಿಯೋ ಕಳಸ್ರಿ' ಅಂತ ಕೇಳಾಕತ್ತಿ, ನಾ 'ನೆಟ್ ಇಲ್ಲ' ಅಂತ ಹಾರಿಸಾಕತ್ತಿದ್ನಿ. ನೆಟ್ ಇತ್ತು. ತೋರಸೂವಂಥಾ ಗೌಡ್ತಿ ಇರಲಿಲ್ಲ. ತಡಾ ಆತು, ತಪ್ಪಾತು. ಒಂದು ಬಾತುಕೋಳಿಗೆ ಗೌಡ್ತಿ ಅಂತ ಹೆಸರಿಟ್ಟು ತತ್ತಿಯಿಂದ ಸಾಕಿದಾಕಿ ನೀನು, ನಿನಗ ಹೆಂಗ ಹೇಳ್ಲಿ ಅಂತ ಬಾಯಿ ಬರಲಿಲ್ಲ. ಈಗ ಫೋನಿನಾಗ ಮಾತಾಡಿ ಇಡಾಕತ್ತೇನಿ, ಮುಂಜಾನಿ ಎದ್ದು ಪೂರಾ ಕೇಳು.

ನಳ ಬರಲಾರದ್ದಕ್ಕ ಆಕಿ ನೀರಿನ ಬೋಗಾಣಿ ಒಣಗಿತ್ತು. ಹಿತ್ತಲದ ತೆಗ್ಗಿನ ನೀರಿಗೆ ಹೋಗಾಕತ್ತಿದ್ಳು. ಬುಧವಾರ ನಳ ಬಂತು, ಚಾಳಿನ ಮಂದಿಯೆಲ್ಲಾ ಕೊಡಾ ಹಿಡಕೊಂಡು ನಿಂತಿದ್ರು. ಹೊಳ್ಳಿ ನೋಡಿದ್ರ ಗೌಡ್ತಿ ತೆಗ್ಗಿನ ದಂಡಿಗೆ ಬಿದ್ದಾಳ. ಕಾಲಾಗ ಬಲ ಇಲ್ಲ, ರೆಕ್ಕಿ ಜೋತಾವು, ಗೋಣು ತೊಯ್ದ ಹಗ್ಗದಂಗ ನೆಲಕ್ಕ ಬಿದ್ದೈತಿ. ಕಣ್ಣ ಮಾತ್ರ ನನ್ನ ನೋಡಾಕತ್ತಾವು. ತೆಗ್ಗಿನಾಗ ಒಂದು ಸತ್ತ ಕೋಳಿ, ಅದರ ತುಂಬ ಹುಳಾ.

ನಾ ಕೊಡಾ ಒಗದು ಬಾಜೂಮನಿ ಸಕ್ರಪ್ಪ ಕಾಕಾನ ಮ್ಯಾಲ ಹರಿಹಾಯ್ದ್ನಿ. ಚಾಳಿನಾಗ ಕೋಳಿ ಸಾಕಿದಾವ ಅಂವಾ ಒಬ್ಬನ. 'ಏ ಮುದುಕಾ, ನಿನ್ನ ಸತ್ತ ಕೋಳಿ ಇಲ್ಲಿ ಒಗದೀಯೇನು? ನನ್ನ ಹೆಂಡ್ತಿ ಜೀವಾ ಈ ಬಾತು!' ಅಂವಾ ನನ್ನ ಮಾರಿ ನೋಡಿದಾ, 'ಆತಪಾ' ಅಂದಾ, ತನ್ನ ಕೊಡಾ ತುಂಬಿಸಿಕೊಂಡು ಹೋದಾ.

ಮನಿ ಮಾಲಕ್ತಿ ಬಸವಣ್ಣೆವ್ವ, 'ಹೊರಗ ಒಗದು ಬಾರಪಾ, ಚಾಳಿಗೆಲ್ಲಾ ಬ್ಯಾನಿ ಹಚ್ಚೀತು' ಅಂದ್ಳು. ನಮ್ಮ ವೆಲ್ಡಿಂಗ್ ಅಂಗಡಿ ವೀರೇಶ, 'ಲೇ ಪರಶ್ಯಾ, ಜೀವ ಇದ್ದಾಗ ಕೊಯ್ದ್ರ ಸಾರಾದ್ರೂ ಆಕ್ಕೈತಿ. ರೊಟ್ಟಿ ನಾ ತರ್ತೇನಿ' ಅಂದಾ. 'ನಿನ್ನ ಸಾರು ಮಾಡ್ತೇನಿ ಮಗನ' ಅಂದ್ನಿ. ಹುಟ್ಟಿದೂರು ಯಳವತ್ತಿ ಬಿಟ್ಟಾವ ನಾನು, ಗೋವಾದಾಗ ನಿಂತಿಲ್ಲ, ಪುಣೆದಾಗ ನಿಂತಿಲ್ಲ. ಇದೊಂದರ ಮುಂದ ನಿಂತೇನಿ ನೋಡು.

ದನದ ದವಾಖಾನಿ ಡಾಕ್ಟರು ನೋಡಿದ್ರು. 'ಕೊಳೆತದ್ದು ತಿಂದು ವಿಷ ಏರಿರಬೇಕು, ಬೊಟುಲಿಸಮ್ ಇದ್ದಂಗ ಕಾಣ್ತೈತಿ. ಅದಕ್ಕ ಇಲ್ಲಿ ಔಷಧ ಸಿಗೂದಿಲ್ಲ. ನೆಳ್ಳಾಗಿಡು, ಗೋಣು ಮ್ಯಾಲಿರಲಿ, ಹನಿ ಹನಿ ನೀರ ಹಾಕು. ಗಡಿಬಿಡಿ ಮಾಡಿದ್ರ ನೀರು ಉಸಿರಿನ ಹಾದಿಗೆ ಹೋಗಿ ಸಾಯ್ತೈತಿ. ಮೂರ್ನಾಕ ದಿನ ದಾಟಲಿ, ನೋಡೋಣು. ಕೊಯ್ದು ತಿಂದೀರಿ ಮತ್ತ!' ಅಂದ್ರು. ಅದನ್ನ ವೀರೇಶಗ ಎರಡ ಸಲ ಹೇಳಿದ್ನಿ.

ನಿನ್ನ ಕೊಡದ ಸಿಂಬಿ ಐತೆಲ್ಲಾ, ಹಸರ ಸೀರಿ ಹರದು ಸುತ್ತಿದ್ದು, ಅದರ ಮ್ಯಾಲ ಆಕಿ ಗೋಣು ಇಟ್ಟೇನಿ. ಸೂಜಿ ತಗದ ಸಿರಿಂಜಿನಾಗ ಕೊಕ್ಕಿನ ಬಾಜೂಕ ಒಂದ ಹನಿ. ನುಂಗಿದ ಮ್ಯಾಲ ಮತ್ತೊಂದು. ನಾ ಕೆಲಸಕ್ಕ ಹೋದಾಗ ಯಾರು ಹಾಕಿದ್ರು ಗೊತ್ತೇನು? ಸಕ್ರಪ್ಪ ಕಾಕಾ. ನಾ ಕರದಿಲ್ಲ. 'ನೀ ಹೋಗು, ಪಗಾರ ಕಡದಾರು' ಅಂತ ತಾನ ಬಂದು ಕುಂತಾ. ತೆಗ್ಗಿನಾಗಿನ ಹೊಲಸೂ ತಾನ ತಗದು ಹುಗದಿದ್ದಾ.

ಈಗ ಹನ್ನೆರಡಕ್ಕ ನೀರ ಹಾಕಾಕ ಹೋದ್ರ ಗೋಣು ಸಿಂಬಿ ಬಿಟ್ಟು ಎರಡ ಬೆರಳಷ್ಟು ಎದ್ದಿತ್ತು. ನಡಗಾಕತ್ತಿತ್ತು, ಆದ್ರ ಎದ್ದಿತ್ತು. ಸಿರಿಂಜ ಕಚ್ಚಿ ಎಳದ್ಳು! ಕಾಲಿಗೆ ಇನ್ನೂ ಬಲ ಬಂದಿಲ್ಲ. ಬರ್ತೈತಿ. ಒಗದು ಬಾ ಅಂದಾವ್ರ ಬಾಗಲಾ ಮುಂದನ ಆಕಿನ್ನ ಅಡ್ಡಾಡಿಸ್ತೇನಿ.

ನಿಮ್ಮವ್ವಗ ಶರಣು ಹೇಳು. ಹೊಟ್ಟಿ ಮ್ಯಾಲ ಕೈ ಇಟ್ಟು, 'ಗಟ್ಟಿಯಾಗಿ ಹುಟ್ಟಿ ಬಾ ಅಂತ ಅಪ್ಪ ಹರಸ್ಯಾನ' ಅಂತ ಕೂಸಿಗೆ ಹೇಳು.

ನಿನ್ನ
ಪರಶುರಾಮ

ತಾ.ಕ.: ನಿದ್ದಿ ಬರವಲ್ದು, ಮತ್ತ ಫೋನ್ ಹಿಡದೇನಿ. ಆ ಕೋಳಿ ಕಾಕಾ ಒಗದಿದ್ದಲ್ಲ. ಹ್ವಾದ ವಾರ ಚೀಲದಾಗ ಕಟ್ಟಿ ನನ್ನ ಕೈಯಾಗ ಕೊಟ್ಟಿದ್ದಾ. 'ಗಾಡಿ ಮ್ಯಾಲ ಊರ ಹೊರಗ ಹೊಂಟೀಯಲ್ಲಪಾ, ನನಗ ಮೊಣಕಾಲ ನೋವು, ಒಂದ ಕುಣಿ ತಗದು ಹುಗದು ಬಾ' ಅಂದಿದ್ದಾ. ತಡಾ ಆಗಿತ್ತು ಅಂತ ತೆಗ್ಗಿನಾಗ ಒಗದು ಹೋದಾವ ನಾನು. ಬುಧವಾರ ನೋಡಿದಾಗನ ಗೊತ್ತಾಗಿತ್ತು. ಗೊತ್ತಾಗಿದ್ದಕ್ಕ ಅಷ್ಟು ಜೋರಾಗಿ ಒದರಿದ್ನಿ. ಅಷ್ಟು ಮಂದಿ ಮುಂದ 'ನಿನ್ನ ಕೈಯಾಗ ಕೊಟ್ಟಿದ್ನೆಲ್ಲೋ' ಅನ್ನಬಹುದಿತ್ತು ದುರ್ಗಾ, 'ಆತಪಾ' ಅಂದು ಹೋದಾ. ಅದ ಮೊಣಕಾಲ ಮಡಚಿ ಕುಂತು ಗೌಡ್ತಿಗೆ ನೀರ ಹಾಕ್ಯಾನ. ನಳ ಮತ್ತ ಯಾವಾಗ ಬರ್ತೈತೋ, ಮಂದಿ ಕೂಡೂತನಕ ನಾ ಕಾಯೂದಿಲ್ಲ. ಬೆಳಕಾದ ಕೂಡಲೇ ಮನಿಮನಿ ಬಾಗಲಾ ಬಡದು 'ಒಗದಾವ ನಾನು' ಅಂತ ಹೇಳ್ತೇನಿ, ಬೈದಷ್ಟ ಜೋರಾಗಿ. ಮೊದಲನೇ ಬಾಗಲಾ ಕಾಕಾಂದು.