ನೀಲಕ್ಕ ಒಪ್ಪುವುದಿಲ್ಲ

ಗದಗ ಮೇಲೂರು,
ಶ್ರಾವಣದ ನಲವತ್ತನೆಯ ದಿನ, ೨೨೧೪

ನಮಗಿಂತ ಮೊದಲು ಬಾಳಿದವರೇ,

ಶ್ರಾವಣಕ್ಕೆ ನಲವತ್ತು ದಿನ ಹೇಗೆ ಬಂತು ಎಂದು ಕೇಳಬೇಡಿ, ಅದೇ ಒಂದು ದೊಡ್ಡ ಕಥೆ. ನನ್ನ ಭಾಷೆಯನ್ನೂ ಕ್ಷಮಿಸಿ. ಆರನೆಯ ವಯಸ್ಸಿಗೇ ಹಾಸ್ಟೆಲ್ ಸೇರಿದವಳು. ಅರ್ಧ ಇಂಗ್ಲಿಷಿನಲ್ಲಿ ಯೋಚಿಸುತ್ತೇನೆ, ಪೂರ್ತಿ ಟೆನ್ಷನ್ನಿನಲ್ಲಿ ಬರೆಯುತ್ತೇನೆ. ಹೆಸರು ಇಳಾ ಹೊಂಬಳ, ಕಾನೂನು ಕಾಲೇಜಿನ ಫಸ್ಟ್ ಇಯರ್. ನಮ್ಮಲ್ಲಿ ವಕೀಲರಿಲ್ಲ. ನಿಮ್ಮ ಕಾಲದಲ್ಲಿ ಕರಿಕೋಟು ಹಾಕಿಕೊಂಡು ವಾದಿಸುತ್ತಿದ್ದರು ಎಂಬುದು ನಮಗೆ ಇತಿಹಾಸದ ಪಾಠ. ನಾವು ಓದುವುದು ತೀರ್ಪುಕಟ್ಟೆಯಲ್ಲಿ, ಅಂದರೆ ನಿಮ್ಮ ಕೋರ್ಟಿನಂಥ ಜಾಗದಲ್ಲಿ, ಗುಮಾಸ್ತರಾಗಲು.

ನಮ್ಮ ಪ್ರತಿ ಮನೆಯಲ್ಲೂ ಒಂದು ಕೇಳುಗೋಡೆ ಇದೆ. ಮನೆಯೊಳಗಿನ ಹೊಡೆತ ಹಿಡಿಯಲೆಂದು ನಿಮ್ಮ ಮಕ್ಕಳ ಮಕ್ಕಳು ಒಳ್ಳೆಯ ಮನಸ್ಸಿನಿಂದಲೇ ಕಟ್ಟಿಸಿದ್ದು. ಜೋರು ಸದ್ದಾದರೆ ಮಾತ್ರ ಅದಕ್ಕೆ ಎಚ್ಚರ. ಆಗ ಬಾಗಿಲ ಮೇಲೆ ಕೆಂಪು ದೀಪ ಹತ್ತುತ್ತದೆ, ಸದ್ದು ಮಾಡಿದವರ ಮೇಲೆ ಕೇಸು ಬೀಳುತ್ತದೆ. ದೀಪ ಹತ್ತಿದ ಮನೆಗೆ ಓಣಿಯಲ್ಲಿ ಮರ್ಯಾದೆಯಿಲ್ಲ. ಅದಕ್ಕೇ ನಮ್ಮ ಕಡೆ ಮದುವೆಯಲ್ಲಿ ಮದುಮಗಳ ಬಳೆಗಳಿಗೆ ರೇಷ್ಮೆದಾರ ಸುತ್ತುತ್ತಾರೆ. ಮೆತ್ತನಬಳೆ ಎನ್ನುತ್ತೇವೆ. ಚೆಂದ ಕಾಣಲೆಂದಲ್ಲ, ಸದ್ದಾಗದಿರಲೆಂದು. ನನ್ನ ಒಡಹುಟ್ಟಿದ ನೀಲಕ್ಕನ ಬಳೆಗಳಿಗೆ ಅವ್ವನೇ ಹಾಡು ಹೇಳುತ್ತ ಸುತ್ತಿದಳು.

ಅವಳ ಗಂಡ, ನನ್ನ ಭಾವ ರುದ್ರೇಶ ಕೂಗುವವನಲ್ಲ. ಸದ್ದಿಲ್ಲದೆ ಕೈ ತಿರುಚುತ್ತಾನೆ, ಬಾಯಿ ಒತ್ತಿ ಹಿಡಿಯುತ್ತಾನೆ. ವರ್ಷಗಟ್ಟಲೆ ಗೋಡೆ ನಿದ್ದೆಯಲ್ಲೇ ಇತ್ತು. ಹೋದ ತಿಂಗಳು ಅಕ್ಕ ಚೀರಿ, ಕೈಗೆ ಸಿಕ್ಕ ತಾಮ್ರದ ತಂಬಿಗೆ ಬೀಸಿದಳು. ಅವನ ಹೆಗಲಿಗೆ ತಾಗಿತು. ಗೋಡೆ ಎದ್ದಿತು. ಈಗ ಮನೆಹಿಂಸೆಯ ಆರೋಪಿ ನೀಲಕ್ಕ! ಕಟ್ಟೆಯ ಮುಂದೆ "ಒಪ್ಪಿದೆ" ಎಂದರೆ ಒಂದು ತಿಂಗಳು ತಂಪುಮನೆ, ಅಂದರೆ ಮರ್ಯಾದಸ್ಥರ ಜೈಲು, ಅಷ್ಟೇ. ಆದರೆ ಒಪ್ಪಿದವರ ಮಕ್ಕಳು ಏಟು ತಿಂದವರ ಪಾಲು. ಅಕ್ಕನ ಪುಟ್ಟ ಮಗಳು ಚಿನ್ಮಯಿ ಅವನ ಕೈಕೆಳಗೆ ಬೆಳೆಯಬೇಕು.

ಅಕ್ಕನ ಪರ ನಾನು ಮಾತಾಡುತ್ತೇನೆ ಎಂದೆ. "ಒಪ್ಪಿಬಿಡವಾ, ಒಂದ ತಿಂಗಳಿನ ಮಾತು," ಎಂದಳು ಅವ್ವ ಅಕ್ಕನಿಗೆ. "ನಮ್ಮ ಪರ ಮಾತಾಡಾಕ ಮಂದಿ ಹುಡುಕಿದ್ರ, ತಪ್ಪು ನಮ್ದ ಐತಿ ಅಂದಂಗ ಆಗ್ತೈತಿ." ಕಾಕಾ ನನ್ನನ್ನು ನೋಡಿ ನಕ್ಕ: "ವಕೀಲ ಅಕ್ಕೋರು ಬಂದ್ರು ನೋಡ್ರಿ! ಮೊದ್ಲ ಕನ್ನಡದಾಗ ಒಂದ ಸಾಲ ನೆಟ್ಟಗ ಮಾತಾಡ." ನನಗೆ ಅಳು ಬಂತು, ನಿಜ. ಅಕ್ಕ ಮಾತ್ರ ಅಳಲಿಲ್ಲ. "ಇಳಾ, ನಂಗ ಜಗಳದ ಕನ್ನಡ ಬರ್ತೈತಿ, ನಿಂಗ ಬುಕ್ಕಿನ ಇಂಗ್ಲಿಷು. ಎರಡೂ ಕೂಡಿಸಿದ್ರ ಒಬ್ಬ ವಕೀಲ ಆಗಂಗಿಲ್ಲೇನ?" ಎಂದಳು.

ನಿಮ್ಮ ಕಾಲದ ಕಾನೂನಿನಲ್ಲಿ ಒಂದು ಮಾತಿದೆ: ಆರೋಪಿಗೆ ತನ್ನ ಪರ ವಾದಿಸುವವರನ್ನು ಆರಿಸಿಕೊಳ್ಳುವ ಹಕ್ಕುಂಟು. ಅದನ್ನು ಯಾರೂ ರದ್ದು ಮಾಡಿಲ್ಲ, ಸುಮ್ಮನೆ ಮರೆತಿದ್ದಾರೆ. ಅದನ್ನೇ ಹಿಡಿದು ಇವತ್ತು ಕಟ್ಟೆ ಹತ್ತಿದೆ. "ಗೋಡೀನ ಹೇಳೈತಲ್ಲವಾ, ಇನ್ನ ನೀ ಏನ ಹೇಳಾಕಿ?" ಎಂದರು ಕಟ್ಟೆಯ ಯಜಮಾನರು. ನಾನು ಹೇಳಿದೆ: "ಸರ್, ಗೋಡಿ ಕೇಳಿದ್ದು ಸದ್ದು. ನಾ ಹೇಳಾಕ ಬಂದಿದ್ದು ಸದ್ದಿಲ್ಲದ್ದು. ಮನ್ಯಾಗ ಸುಖ ಇದ್ರ ಕೈಬಳಿಗೆ ದಾರ ಯಾಕ ಸುತ್ತಬೇಕ್ರಿ?"

ಅಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಯಜಮಾನರು ಅದನ್ನು ನೋಡಿದರು. ಅಕ್ಕನ ಮಣಿಕಟ್ಟನ್ನು ವೈದ್ಯರಿಗೆ ತೋರಿಸಲು ಹೇಳಿದರು. ನಾಳೆ ನನ್ನ ವಾದ ಕೇಳುತ್ತಾರಂತೆ. ಗೆದ್ದಿಲ್ಲ. ಅಕ್ಕನ ಬಾಯಿಂದ "ಒಪ್ಪಿದೆ" ಬಂದಿಲ್ಲ, ಅಷ್ಟೇ.

ನೀವು ಈಗಷ್ಟೇ ಮನೆಗಳಲ್ಲಿ ಕೇಳುವ ಯಂತ್ರ ಇಟ್ಟುಕೊಳ್ಳುತ್ತಿದ್ದೀರಂತೆ. ಇಟ್ಟುಕೊಳ್ಳಿ. ಆದರೆ ಅದು ಹೇಳಿದ್ದೇ ಕೊನೆಯ ಮಾತು ಎಂದು ಯಾರಾದರೂ ಅಂದರೆ ಬಗ್ಗಬೇಡಿ. ಆರೋಪ ಹೊತ್ತವರು ಗಂಡಸೋ ಹೆಂಗಸೋ, ತಪ್ಪು ಮಾಡಿದವರೋ ಮಾಡದವರೋ, ಅವರ ಪಕ್ಕದಲ್ಲಿ ಮಾತಾಡಲು ಒಬ್ಬರನ್ನು ನಿಲ್ಲಿಸಿ. ಆ ಜಾಗ ನೀವು ಖಾಲಿ ಬಿಟ್ಟರೆ ನನ್ನಂಥ ಪುಕ್ಕಲಿ ಬಂದು ತುಂಬಬೇಕಾಗುತ್ತದೆ.

ನಾಳೆ ತುಂಬುತ್ತೇನೆ. ಚಿನ್ಮಯಿಯನ್ನು ನಾವು ಕೊಡುವುದಿಲ್ಲ.

ನಿಮ್ಮ ನಂತರದವಳು,
ಇಳಾ