ಅಮ್ಮನಿಗೆ ಗೊತ್ತಿರುವ ಮನೆ

ಫೆಬ್ರವರಿ 9, ಭಾನುವಾರ

ಪ್ರೀತಿಯ ಅಕ್ಕನಿಗೆ,

ತಮ್ಮನ ನಮಸ್ಕಾರ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಕೆಂದಿದ್ದರೆ ಈಗಲೇ ಬೈದು ಮುಗಿಸಿಬಿಡು, ಮುಂದೆ ಓದುವುದು ಸಾಕಷ್ಟಿದೆ. "ಫೋನ್ ಮಾಡಿದ್ರೆ ಬರೀ ಹೂಂ ಹೂಂ ಅಂತೀಯ, ಬಾಯಲ್ಲಿ ಏನಿಟ್ಕೊಂಡಿರ್ತೀಯೋ" ಎಂದು ಕೇಳಿದ್ದೀಯ. ಬಾಯಲ್ಲಿ ಏನೂ ಇಲ್ಲ ಅಕ್ಕ, ಪಕ್ಕದಲ್ಲಿ ಅಮ್ಮ ಇರುತ್ತಾಳೆ. ನಮ್ಮದು ಎರಡೇ ಕೋಣೆಯ ಮನೆ. ಕಣ್ಣು ಹೋದ ಮೇಲೆ ಅವಳ ಕಿವಿ ಎಷ್ಟು ಚುರುಕಾಗಿದೆಯೆಂದರೆ, ಆ ಕಡೆಯಿಂದ ನೀನು ಹೇಳಿದ್ದಕ್ಕೆ ಈ ಕಡೆಯಿಂದ ಅವಳೇ ಉತ್ತರ ಕೊಡುತ್ತಾಳೆ. ಅದಕ್ಕೇ ಈ ಕಾಗದ. ಹೆಂಡತಿ, ಮಗಳು ಇಬ್ಬರೂ ಹೊರಗೆ ಹೋಗಿದ್ದಾರೆ. ಅಮ್ಮ ಕೆಳಗೆ ದರ್ಜಿಯ ಅಂಗಡಿಯಲ್ಲಿದ್ದಾಳೆ. ಪೆನ್ನಿನ ಸದ್ದು ಅಲ್ಲಿಯ ತನಕ ಕೇಳಿಸಲಾರದು ಎಂದು ನಂಬಿದ್ದೇನೆ.

ವಿಷಯ ನಿನಗೆ ಅರ್ಧ ಗೊತ್ತಿದೆ. ಮನೆ ಮಾಲೀಕರು ಬಾಡಿಗೆ ಏರಿಸಿದ್ದಾರೆ. ಎಷ್ಟು ಎಂದು ಬರೆಯುವುದಿಲ್ಲ, ಭಾವನಿಗೆ ರಕ್ತದೊತ್ತಡ ಇದೆ. ಏಪ್ರಿಲ್‌ನಿಂದ ಅಷ್ಟು ಕೊಡಬೇಕು, ಇಲ್ಲವೇ ಖಾಲಿ ಮಾಡಬೇಕು. ಕೊಡಲು ನಮ್ಮಿಂದ ಆಗುವುದಿಲ್ಲ. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತೇನೆ, ಇವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುತ್ತಾಳೆ. ಊರಿನವರ ಕಣ್ಣು ಹಲ್ಲು ಎರಡೂ ಒಟ್ಟಿಗೆ ಕೆಟ್ಟರೂ ನಮ್ಮ ಸಂಬಳ ಅಲ್ಲಿಗೆ ಮುಟ್ಟುವುದಿಲ್ಲ.

ಆದ್ದರಿಂದ ಊರ ಹೊರಗಿನ ಹೊಸ ಬಡಾವಣೆಯಲ್ಲಿ ಒಂದು ಮನೆ ನೋಡಿದ್ದೇವೆ. ಮೂರು ಕೋಣೆ, ನೆಲಮಹಡಿ, ಬಾಡಿಗೆ ಈಗ ಕೊಡುತ್ತಿರುವುದಕ್ಕಿಂತಲೂ ಕಡಿಮೆ. ತೋರಿಸಿದ ಬ್ರೋಕರಿಗೆ ನನ್ನ ಮಗಳು 'ಎರಡೇ ನಿಮಿಷ' ಎಂದು ಹೆಸರಿಟ್ಟಿದ್ದಾಳೆ. "ಬಸ್ ಸ್ಟಾಪ್ ಎಲ್ಲಿ?" ಅಂದರೆ "ಎರಡೇ ನಿಮಿಷ ಸಾರ್." "ಸ್ಕೂಲು?" "ಎರಡೇ ನಿಮಿಷ." "ಆಸ್ಪತ್ರೆ?" ಎಂದಾಗ ಸ್ವಲ್ಪ ಯೋಚಿಸಿ, "ಗಾಡಿ ಇದ್ರೆ ಎರಡೇ ನಿಮಿಷ" ಎಂದ. ಬಸ್ ಸ್ಟಾಪಿಗೆ ನಡೆದು ನೋಡಿದೆವು. ಹದಿನಾಲ್ಕು ನಿಮಿಷವಾಯಿತು. ಅಲ್ಲಿಂದ ನನ್ನ ಅಂಗಡಿಗೆ ಒಂದೂಕಾಲು ಗಂಟೆ, ಅದೂ ಬಸ್ಸಿಗೆ ಬರುವ ಮನಸ್ಸಾದರೆ. ನನ್ನ ಪ್ರಾಸದ ಚಟ ನಿನಗೆ ಗೊತ್ತಲ್ಲ, ವಾಪಸ್ ಬರುವಾಗ ಬಸ್ಸಿನಲ್ಲೇ ಕಟ್ಟಿದೆ:

ಗಾಳಿ ಬೀಸೋದು ಧಾರಾಳ, ಬಸ್ಸು ಬರೋದು ಅಪರೂಪ;
ಬಾಡಿಗೆ ಮಾತ್ರ ಬಲು ಸೌಮ್ಯ, ದಾರಿಯದ್ದು ಘೋರರೂಪ.

ಇವಳು ನಗಲಿಲ್ಲ. "ಪ್ರಾಸ ಕಟ್ಟಿದ್ರೆ ಸಾಮಾನು ಕಟ್ಟಿದ ಹಾಗಾಗಲ್ಲ. ಹೋಗೋದೋ ಬೇಡವೋ ಅದನ್ನ ಹೇಳಿ" ಎಂದಳು. ಅವಳಿಗೆ ಹೋಗುವ ಮನಸ್ಸಿದೆ. "ಬಾಡಿಗೆ ಕಟ್ಟಿ ಮಿಕ್ಕಿದ್ರಲ್ಲಿ ಬದುಕೋದು ಒಂಥರಾ. ಬಾಡಿಗೆ ಕಟ್ಟೋಕೇ ಬದುಕೋದು ಇನ್ನೊಂಥರಾ. ನನಗೆ ಎರಡನೇದು ಸಾಕಾಗಿದೆ" ಎಂದಳು.

ಮಗಳಿಗೆ ಬರುವ ತಿಂಗಳು ಹದಿನಾಲ್ಕು ತುಂಬುತ್ತದೆ. ಅಡುಗೆಮನೆಯಲ್ಲಿ, ಅಕ್ಕಿ ಡಬ್ಬದ ಮೇಲೆ ಪುಸ್ತಕ ಇಟ್ಟುಕೊಂಡು ಓದುತ್ತಾಳೆ. ಕುಕ್ಕರ್ ಕೂಗಿದಾಗೆಲ್ಲ ಕಿವಿ ಮುಚ್ಚಿಕೊಳ್ಳುತ್ತಾಳೆ. ಆ ಮನೆ ನೋಡಿ ಬಂದ ಸಂಜೆ, "ನಿಂಗೊಂದು ಕೋಣೆ ಆಗುತ್ತೆ ಅಂತ ಖುಷೀನಾ?" ಎಂದು ಕೇಳಿದೆ. "ಕೋಣೆ ದೊಡ್ಡದಿರ್ಬೇಕು ಅಂತೇನಿಲ್ಲಪ್ಪಾ, ಬಾಗಿಲಿದ್ರೆ ಸಾಕು" ಎಂದಳು. ಅವಳು ಎಷ್ಟು ವರ್ಷಗಳಿಂದ ಬಟ್ಟೆ ಬದಲಾಯಿಸುವಾಗ ಬೀರುವಿನ ಬಾಗಿಲನ್ನೇ ಮರೆ ಮಾಡಿಕೊಳ್ಳುತ್ತಿದ್ದಾಳೆ ಎನ್ನುವುದು ಆಗ ನನ್ನ ತಲೆಗೆ ಹೋಯಿತು.

ಹೀಗೆ ಒಂದು ಕಡೆ ಬರೆಯುತ್ತ ಹೋದರೆ ಹಾಳೆ ತುಂಬುತ್ತದೆ. ಇನ್ನೊಂದು ಕಡೆ ಬರೆಯಬೇಕಾದದ್ದು ಒಂದೇ ಹೆಸರು. ಅಮ್ಮ.

ನೀನು ಬಂದು ಮೂರು ವರ್ಷವಾಯಿತು. ಅಮ್ಮ ಈ ಮನೆಯಲ್ಲಿ ಹೇಗಿದ್ದಾಳೆ ಎಂದು ಒಮ್ಮೆ ನೋಡಬೇಕು ನೀನು. ಹತ್ತೊಂಬತ್ತು ವರ್ಷದ ಮನೆ ಇದು. ಮಂಚದಿಂದ ನಲ್ಲಿಯ ತನಕ, ನಲ್ಲಿಯಿಂದ ಒಲೆಯ ತನಕ ಅವಳು ಕೈ ಚಾಚದೆ ನಡೆಯುತ್ತಾಳೆ. ನಮ್ಮ ಮನೆಗೆ ಕೆಲವು ಕಾನೂನುಗಳಿವೆ. ಕುರ್ಚಿ ಯಾವಾಗಲೂ ಮೇಜಿನ ಒಳಗೇ ಇರಬೇಕು. ಚಪ್ಪಲಿ ಎಡಗೋಡೆಗೆ. ಬಾಗಿಲು ಪೂರ್ತಿ ತೆರೆದಿರಬೇಕು ಇಲ್ಲವೇ ಪೂರ್ತಿ ಮುಚ್ಚಿರಬೇಕು, ಅರ್ಧಂಬರ್ಧ ಬಿಟ್ಟವರಿಗೆ ಅವತ್ತು ಬೈಗುಳ. ಮನೆಗೆ ಬಂದ ನೆಂಟರೂ ಎದ್ದು ಹೋಗುವಾಗ ಕುರ್ಚಿ ಒಳಗೆ ತಳ್ಳಿ ಹೋಗುತ್ತಾರೆ. ನಾಲ್ಕು ವರ್ಷದಿಂದ ಇಲ್ಲಿ ಒಂದು ಸ್ಟೂಲೂ ಜಾಗ ಬಿಟ್ಟು ಕದಲಿಲ್ಲ.

ಮೆಟ್ಟಿಲಿಳಿದು ತಾನೇ ದರ್ಜಿಯ ಅಂಗಡಿಗೆ ಹೋಗುತ್ತಾಳೆ. ದರ್ಜಿ ಒಂದು ಡಬ್ಬ ತುಂಬ ಗುಂಡಿ ಸುರಿದುಕೊಡುತ್ತಾನೆ. ಎರಡು ತೂತಿನದು, ನಾಲ್ಕು ತೂತಿನದು, ಕೋಟಿನದು, ಅಂಗಿಯದು ಎಂದು ಅಮ್ಮ ಬೆರಳಲ್ಲೇ ವಿಂಗಡಿಸುತ್ತಾಳೆ. ದಯೆಗೆ ಕೊಟ್ಟ ಕೆಲಸವಲ್ಲ ಅದು. "ನಿಮ್ಮಮ್ಮ ಎರಡು ದಿನ ಬರ್ಲಿಲ್ಲ ಅಂದ್ರೆ ನನ್ನ ಅಂಗಿಗಳೆಲ್ಲ ಎದೆ ತೆರ್ಕೊಂಡು ಕೂತಿರ್ತಾವೆ" ಎನ್ನುತ್ತಾನೆ. ಹೋದ ತಿಂಗಳು ಅಂಗಡಿಗೆ ಹೊಸದಾಗಿ ಬಂದ ಗಿರಾಕಿಯೊಬ್ಬರು ಅರ್ಧ ಗಂಟೆ ಅಮ್ಮನ ಜೊತೆ ಮಾತಾಡಿ, ಹೋಗುವಾಗ ತಮ್ಮ ಬಟ್ಟೆಯ ಬಣ್ಣ ಹೇಗಿದೆ ಎಂದು ಅವಳನ್ನು ಕೇಳಿದರಂತೆ. ಅಮ್ಮ "ನಿಮಗೆ ಒಪ್ಪುತ್ತೆ" ಎಂದಳಂತೆ. ಮನೆಗೆ ಬಂದು ಹೇಳಿಕೊಂಡು ನಕ್ಕಿದ್ದೇ ನಕ್ಕಿದ್ದು.

ಇಲ್ಲಿ ಅವಳು ಕುರುಡಿಯಲ್ಲ ಅಕ್ಕ. ಅಲ್ಲಿಗೆ ಹೋದರೆ ಆಗುತ್ತಾಳೆ.

"ಅಮ್ಮನನ್ನು ನನ್ನ ಹತ್ತಿರ ಬಿಟ್ಟು ನೀವು ಮೂವರೂ ಹೋಗಿ" ಎಂದು ಬರೆದಿದ್ದೀಯ. ನಿನ್ನ ಮನಸ್ಸು ದೊಡ್ಡದು. ಆದರೆ ನಿನ್ನ ಮನೆಯೂ ಅವಳಿಗೆ ಹೊಸದೇ. ಅವಳು ಬರುತ್ತಿದ್ದಾಳೆ, ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಇಲ್ಲಿಗೆ ನಿಲ್ಲಿಸುತ್ತೇನೆ.

ಫೆಬ್ರವರಿ 16

ಒಂದು ವಾರವಾಯಿತು. ಕಾಗದ ಅಂಗಡಿಯ ಡ್ರಾಯರಿನಲ್ಲಿ, ಗಾಜು ಒರೆಸುವ ಬಟ್ಟೆಗಳ ಕೆಳಗಿತ್ತು. ಅಂಗಡಿಯ ಸುದ್ದಿಯೂ ಒಂದಿದೆ. ಬಾಗಿಲ ಫಲಕಕ್ಕೆ ಎರಡು ಸಾಲು ಬರೆದುಕೊಡು ಎಂದು ಯಜಮಾನರು ಕೇಳಿದ್ದರು. "ದೂರದ್ದು ಮಸುಕೇ? ಹತ್ತಿರ ಬನ್ನಿ, ಹತ್ತಿರದ್ದೂ ಮಸುಕೇ? ಒಳಗೇ ಬನ್ನಿ" ಎಂದು ಬರೆದುಕೊಟ್ಟೆ. ಓದಿ ತಲೆ ಕೆರೆದುಕೊಂಡು, "ಇಷ್ಟು ಸಣ್ಣಕ್ಷರ ಓದೋಕಾಗೋರು ನಮ್ಮಂಗಡಿಗೆ ಯಾಕಯ್ಯಾ ಬರ್ತಾರೆ?" ಎಂದರು. ಈಗ ದೊಡ್ಡಕ್ಷರದಲ್ಲಿ ಬರೆಸುತ್ತಿದ್ದಾರೆ.

ನಿನ್ನೆ ಅಮ್ಮನನ್ನು ಆ ಮನೆಗೆ ಕರೆದುಕೊಂಡು ಹೋಗಿದ್ದೆ. ನಾನು ಕರೆಯಲಿಲ್ಲ, ಅವಳೇ ಹೊರಟಳು. "ಎಲ್ಲರೂ ನೋಡ್ಕೊಂಡು ಬಂದ್ರಿ. ನಾನೂ ನೋಡ್ಬೇಡ್ವಾ?" ಎಂದಳು. ನೋಡುವುದು ಎನ್ನುವ ಮಾತನ್ನು ಅವಳು ಬಿಟ್ಟಿಲ್ಲ.

ಬ್ರೋಕರ್ ಬಸ್ ಸ್ಟಾಪಿಗೆ ಬಂದಿದ್ದ. "ಅಮ್ಮಾ, ಇಲ್ಲೇ, ಎರಡೇ ನಿಮಿಷ" ಎಂದ. ಅರ್ಧ ದಾರಿಯಲ್ಲಿ ಅಮ್ಮ ನಿಂತು, "ನಿನ್ನ ಎರಡು ನಿಮಿಷ ನನ್ನ ಮಂಡಿಗೆ ಮುಟ್ತಪ್ಪಾ. ಇನ್ನೂ ಎಷ್ಟು ಸಲ ಎರಡು?" ಎಂದಳು. ಆಮೇಲೆ ಅವನು ನಿಮಿಷದ ಸುದ್ದಿ ಎತ್ತಲಿಲ್ಲ.

ಆ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ಅಚ್ಚು. ಅದೇ ಗೇಟು, ಅದೇ ಮೂರು ಮೆಟ್ಟಿಲು, ಅದೇ ಕಿಟಕಿ. ಮರಗಳಿನ್ನೂ ಸೊಂಟದುದ್ದ. ಮೊದಲ ಸಲ ಹೋದಾಗ ಮಗಳು ಪಕ್ಕದ ಮನೆಗೆ ನುಗ್ಗಿ, ಅಲ್ಲಿ ಊಟ ಮಾಡುತ್ತಿದ್ದವರನ್ನು "ನೀವು ಯಾರು?" ಎಂದು ಕೇಳಿದ್ದಳು. ಕಣ್ಣಿರುವವರಿಗೇ ಗುರುತು ಸಿಗದ ಜಾಗ ಅದು.

ಒಳಗೆ ಹೋದ ಕೂಡಲೆ ಅಮ್ಮ ನಿಂತಲ್ಲೇ ಒಮ್ಮೆ ಚಪ್ಪಾಳೆ ತಟ್ಟಿದಳು. ಸದ್ದು ಹೇಗೆ ತಿರುಗಿ ಬರುತ್ತದೆ ಎಂದು ಕೇಳಿಸಿಕೊಂಡು, "ದೊಡ್ಡದಿದೆ" ಎಂದಳು. ನಾನು ಅಡುಗೆಮನೆ ಈ ಕಡೆ, ಬಚ್ಚಲು ಆ ಕಡೆ ಎಂದು ಹೇಳುತ್ತ ಹೋದೆ. ಎರಡು ಹೆಜ್ಜೆ ಇಟ್ಟವಳು ನಿಂತಳು. ಕೈ ಚಾಚಿದಳು. ಗೋಡೆ ಸಿಗಲಿಲ್ಲ. ಇನ್ನೊಂದು ಕಡೆ ಚಾಚಿದಳು. ಅಲ್ಲೂ ಸಿಗಲಿಲ್ಲ. ಆಮೇಲೆ ನನ್ನ ಅಂಗಿಯ ತೋಳು ಹಿಡಿದುಕೊಂಡಳು ಅಕ್ಕ. ನಮ್ಮ ಮನೆಯೊಳಗೆ ಅವಳು ಒಂದು ದಿನವೂ ನನ್ನ ತೋಳು ಹಿಡಿದವಳಲ್ಲ. ವಾಪಸ್ ಹೊರಡುವ ತನಕ ಬಿಡಲಿಲ್ಲ.

ಬ್ರೋಕರ್ ಹೊರಗೆ ಫೋನಿನಲ್ಲಿದ್ದ. ಖಾಲಿ ಕೋಣೆಯಲ್ಲಿ ನಾವಿಬ್ಬರೇ.

"ಬೇಡ ಬಿಡಮ್ಮ. ಊರೊಳಗೇ ಇನ್ನೊಂದು ಸಣ್ಣದು ಹುಡುಕ್ತೀನಿ" ಎಂದೆ.

"ಅದೂ ಹೊಸದೇ ಅಲ್ವೇನೋ?"

"ಅಭ್ಯಾಸ ಆಗುತ್ತೆ ಅಂತೀಯಾ ಇಲ್ಲಿ? ನಮ್ಮನೇಲಿ ಆದ ಹಾಗೆ?"

ಅಮ್ಮ ತಲೆ ಅಲ್ಲಾಡಿಸಿದಳು. "ಅಲ್ಲಿಯ ಹಾಗೆ ಆಗಲ್ಲ. ಆ ಮನೇನ ನಾನು ಕಣ್ಣಲ್ಲಿ ನೋಡಿದ್ದೀನಿ ಕಣೋ. ಈಗ್ಲೂ ನಡೆಯೋವಾಗ ನಂಗೆ ಕಾಣ್ಸುತ್ತೆ. ನಲ್ಲಿ ಹತ್ರ ಹಸಿರು ಬಕೆಟ್ಟು, ನಿಮ್ಮಪ್ಪ ಕೂರ್ತಿದ್ದ ಕಿಟಕಿ, ಎಲ್ಲ. ಇದನ್ನ ನೋಡಿಲ್ವಲ್ಲ. ಇಲ್ಲಿ ಬರೀ ಲೆಕ್ಕ. ಇಷ್ಟು ಹೆಜ್ಜೆ, ಅಷ್ಟು ಹೆಜ್ಜೆ."

ಅವಳೇ ಮುಂದುವರಿಸಿದಳು. "ಮಗು ಕೋಣೆ ಎಲ್ಲಿ, ತೋರ್ಸು." ಕರೆದುಕೊಂಡು ಹೋದೆ. ಬಾಗಿಲನ್ನು ಮೇಲಿಂದ ಕೆಳಗೆ ಸವರಿದಳು. ಚಿಲಕ ಹಾಕಿ ನೋಡಿದಳು, ತೆಗೆದಳು, ಮತ್ತೆ ಹಾಕಿದಳು. "ಗಟ್ಟಿಯಿದೆ. ಬರೋಣ. ನಾನು ಕಲ್ತ್ಕೋತೀನಿ, ನಿಧಾನಕ್ಕೆ. ವಾರಕ್ಕೊಂದ್ಸಲ ದರ್ಜಿ ಹತ್ರ ಗುಂಡಿ ಡಬ್ಬ ಈಸ್ಕೊಂಡು ಬಾ, ಕೂತು ಆರ್ಸಿ ಕೊಡ್ತೀನಿ. ನೀನು ಸತ್ತೋರ ಮನೇಲಿ ನಿಂತೋರ ಹಾಗೆ ನಿಂತ್ಕೋಬೇಡ, ಆಚೆ ನಡಿ."

ನನ್ನ ಮುಖ ಅವಳಿಗೆ ಹೇಗೆ ಗೊತ್ತಾಯಿತೋ.

ಹೀಗೆ ತೀರ್ಮಾನವಾಯಿತು. ಬ್ರೋಕರಿಗೆ ಆಗಲಿ ಎಂದಿದ್ದೇನೆ. ಮಾರ್ಚ್ ಕೊನೆಯ ವಾರ ಹೋಗುತ್ತೇವೆ. ಅಮ್ಮ ಮತ್ತೆ ಹಿಂಜರಿಯಲಿಲ್ಲ. ಇವತ್ತು ಬೆಳಿಗ್ಗೆ ಮೊಮ್ಮಗಳ ಹತ್ತಿರ ಆ ಮನೆಯ ನಕ್ಷೆಯನ್ನು ತನ್ನ ಅಂಗೈ ಮೇಲೆ ಬೆರಳಲ್ಲಿ ಬರೆಸಿಕೊಳ್ಳುತ್ತಿದ್ದಳು. ಹಿಂಜರಿಯುತ್ತಿರುವವನು ನಾನೊಬ್ಬನೇ.

ಅದಕ್ಕೇ ನಿನ್ನ ಹತ್ತಿರ ಒಂದು ಕೇಳುವುದಿದೆ. ಏಪ್ರಿಲ್‌ನಲ್ಲಿ ನಿನ್ನ ಹೊಲಿಗೆ ತರಗತಿಗಳಿಗೆ ರಜೆಯಲ್ಲವೇ? ಮೊದಲ ಹತ್ತು ದಿನ ಬಂದು ಇರು. ಅವಳಿಗೆ ಮನೆ ಪರಿಚಯ ಮಾಡಿಸು, ಬಾಗಿಲು ಬಾಗಿಲಿಗೆ ಕರೆದುಕೊಂಡು ಹೋಗು. ನನಗೆ ರಜೆ ಸಿಗುವುದಿಲ್ಲ ಎಂದು ಬರೆಯಬಹುದಿತ್ತು. ಕೇಳಿದರೆ ಯಜಮಾನರು ಕೊಡುತ್ತಾರೆ. ಆದರೂ ನೀನೇ ಬಾ.

ಭಾವನಿಗೆ ನಮಸ್ಕಾರ ತಿಳಿಸು, ಮಾತ್ರೆ ಬಿಡಬಾರದೆಂದು ಹೇಳು. ಮಕ್ಕಳಿಬ್ಬರಿಗೂ ಮಾವನ ಆಶೀರ್ವಾದ. ಚೆನ್ನಾಗಿ ಓದಲಿ, ಚೆನ್ನಾಗಿ ತಿನ್ನಲಿ. ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ತಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದ್ದೇನೆ.

ಅಮ್ಮನ ಕಣ್ಣು ವಯಸ್ಸಿಗೆ ಹೋಯಿತು ಎಂದು ನಿನಗೆ ಹೇಳಿದ್ದೆ. ಅದು ಸುಳ್ಳು. ಐದು ವರ್ಷದ ಹಿಂದೆ ಅವಳು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳಲು ಶುರು ಮಾಡಿದಳು. "ಬದೀಲಿ ಏನೋ ಮಬ್ಬು ಕಣೋ" ಎಂದಳು. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದಷ್ಟೇ ನನ್ನ ಕೆಲಸ, ಕಣ್ಣು ನೋಡುವುದಲ್ಲ. ಆದರೆ ಇಪ್ಪತ್ತು ವರ್ಷ ಅಂಗಡಿಗೆ ಬರುವ ಕಣ್ಣಿನ ಡಾಕ್ಟರ ಪಕ್ಕದಲ್ಲಿ ನಿಂತವನಿಗೆ ಎಲ್ಲ ಗೊತ್ತೆಂಬ ಜಂಬ. ಅಂಗಡಿ ಮುಚ್ಚುವ ಹೊತ್ತಿಗೆ ಅವಳನ್ನು ಕರೆಸಿಕೊಂಡು ನಾನೇ ಅಕ್ಷರದ ಪಟ್ಟಿ ಓದಿಸಿದೆ. ನೇರ ಎದುರಿಗಿದ್ದದ್ದನ್ನೆಲ್ಲ ಓದಿದಳು. ನಂಬರ್ ಬದಲಾಯಿಸಿದೆ. ಆರು ತಿಂಗಳಿಗೆ ಮತ್ತೆ ಬದಲಾಯಿಸಿದೆ. ಮತ್ತೊಮ್ಮೆಯೂ. ಪ್ರತಿ ಸಲ ಅವಳು ಹೊಸ ಕನ್ನಡಕ ಹಾಕಿಕೊಂಡು ಓಣಿಯವರಿಗೆಲ್ಲ ತೋರಿಸಿ, "ಮಗ ಇರೋವಾಗ ನಂಗೆ ಡಾಕ್ಟ್ರು ಯಾಕೆ?" ಎನ್ನುತ್ತಿದ್ದಳು. ಕೊನೆಗೆ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದಾಗ ಅಲ್ಲಿಯ ಡಾಕ್ಟರು ಅವಳನ್ನು ಹೊರಗೆ ಕೂರಿಸಿ ನನಗೆ ಹೇಳಿದರು: ಕಣ್ಣೊಳಗಿನ ಒತ್ತಡ, ಹೋದದ್ದು ತಿರುಗಿ ಬರುವುದಿಲ್ಲ, ಒಂದು ವರ್ಷ ಮುಂಚೆ ಬಂದಿದ್ದರೆ ದಿನಕ್ಕೆರಡು ಹನಿ ಔಷಧದಲ್ಲಿ ಉಳಿಸಬಹುದಿತ್ತು. ಆ ಒಂದು ವರ್ಷ ನಾನು ಗಾಜು ಬದಲಾಯಿಸುತ್ತಿದ್ದೆ.

ಅಮ್ಮನಿಗೆ ಇದು ಗೊತ್ತಿಲ್ಲ. ಇವಳಿಗೂ ಹೇಳಿಲ್ಲ. ಈ ಮನೆಯಲ್ಲಿ ಅಮ್ಮ ಸಲೀಸಾಗಿ ಓಡಾಡುವುದನ್ನು ನೋಡುತ್ತ, ಅಂಥದ್ದೇನೂ ಆಗಿಲ್ಲ ಎಂದು ನಾಲ್ಕು ವರ್ಷ ನನಗೆ ನಾನೇ ಹೇಳಿಕೊಂಡೆ. ಬೇರೆ ಮನೆ ಬೇಡ ಎಂದು ತಡೆಹಿಡಿದದ್ದು ಅವಳಿಗಾಗಿ ಎಂದೂ ಹೇಳಿಕೊಂಡೆ. ನಿನ್ನೆ ಅವಳು ಎರಡೂ ಕಡೆ ಕೈ ಚಾಚಿ ಗೋಡೆ ಹುಡುಕಿದಳಲ್ಲ, ನಾನು ಮಾಡಿದ್ದು ಎಷ್ಟು ದೊಡ್ಡದು ಎಂದು ಮೊದಲ ಸಲ ಕಂಡೆ.

ಅವಳಿಗೆ ನಾನೇ ಹೇಳುತ್ತೇನೆ, ಮನೆ ಬದಲಾಯಿಸುವ ಮುಂಚೆ. ಅಲ್ಲಿ ಅವಳು ಹಿಡಿದು ನಡೆಯುವ ತೋಳು ಯಾರದೆಂದು ಅವಳಿಗೆ ಗೊತ್ತಿರಬೇಕು. ಮೊದಲು ನಿನಗೆ ಹೇಳಿದ್ದೇನೆ. ಇದನ್ನು ಓದಿದ ಮೇಲೂ ಏಪ್ರಿಲ್‌ನಲ್ಲಿ ಬರುವ ಮನಸ್ಸಿದ್ದರೆ, ಬಾ.